ನಲವತ್ತಮೂರನೆಯ ಬಾಟಲಿ

ಬೆಳಗಿನ ಪ್ರಾರ್ಥನೆಗೆ ನಲವತ್ತೆರಡು ಹುಡುಗಿಯರು ಕಣ್ಣು ಮುಚ್ಚಿ ನಿಂತಿದ್ದರು. ಅವರಲ್ಲಿ ಹನ್ನೊಂದು ಮಂದಿಯ ಕೈ ಮುಗಿದಿರಲಿಲ್ಲ. ಒಬ್ಬಳು ಮೊಣಕೈ ಕೆರೆದುಕೊಳ್ಳುತ್ತಿದ್ದಳು, ಒಬ್ಬಳು ಸೊಂಟ, ಮತ್ತೊಬ್ಬಳು ತನ್ನದು ಮುಗಿಸಿ ಪಕ್ಕದವಳ ಬೆನ್ನಿಗೆ ನೆರವಾಗುತ್ತಿದ್ದಳು. ಹಾಡು ಎರಡನೇ ನುಡಿಗೆ ಬರುವ ಹೊತ್ತಿಗೆ ವಾರ್ಡನ್ ಬಸವೇಶ್ವರಿಯ ಕೈಯೂ ತಾನಾಗಿಯೇ ಮುಂಗೈಗೆ ಹೋಯಿತು. ತುರಿಯ ಗುಣವೇ ಅದು. ಆಕಳಿಕೆಯ ಹಾಗೆ, ನೋಡಿದವರಿಗೂ ಬರುತ್ತದೆ.

ತೆಲುಗು ಸೀಮೆಯ ಗಡಿಯೂರು ನಾರಾಯಣಪೇಟೆಯಲ್ಲಿ ನೇಕಾರರ ಓಣಿಗೆ ಬೆನ್ನು ಹಾಕಿ ನಿಂತಿದ್ದ ಆ ಹಾಸ್ಟೆಲಿಗೆ ಅಂದು ಮಧ್ಯಾಹ್ನ ಮೂರಕ್ಕೆ ಆರೋಗ್ಯದ ಗಾಡಿ ಬರುವುದಿತ್ತು. ಹಿಂದಿನ ದಿನ ನರ್ಸ್ ರಜಿನಿ ಒಂದು ಪೆಟ್ಟಿಗೆ ತುಂಬ ಬಿಳಿ ಲೋಶನ್ನಿನ ಬಾಟಲಿ ಇಟ್ಟು, ಪಾಠ ಒಪ್ಪಿಸಿದಂತೆ ಹೇಳಿ ಹೋಗಿದ್ದಳು.

"ಕುತ್ತಿಗಿಯಿಂದ ಅಂಗಾಲ ತನಕ ಹಚ್ಚಬೇಕ್ರಿ. ಹಾಸಿಗಿ, ಹೊದಿಕಿ, ಅರಿವಿ ಎಲ್ಲಾ ಕುದಿಸಬೇಕು. ಒಂದ ದಿನದಾಗ ಆಗಬೇಕು. ಇಲ್ಲಿ ಮಲಗೋರು ಒಬ್ಬರೂ ಉಳಿಬಾರದು. ಡಾಕ್ಟರಮ್ಮ ಬಂದಾಗ ಇನ್ನೂ ಹಬ್ಬತೈತಿ ಅಂತ ಕಂಡ್ರ ಹದಿನೈದು ದಿನ ಹಾಸ್ಟೆಲ್ ಬಂದ್ ಮಾಡಸ್ತಾರ."

ಹದಿನೈದು ದಿನ ಎಂದರೆ ಏನೆಂದು ಬಸವೇಶ್ವರಿಗೆ ಗೊತ್ತಿತ್ತು. ಅದು ಹತ್ತಿ ಹೂಬಿಡುವ ಕಾಲ. ಗದ್ವಾಲ, ಗಟ್ಟುವಿನ ಕಡೆ ಬೀಜದ ಹತ್ತಿಯ ಹೊಲಗಳಲ್ಲಿ ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ತಾಗಿಸಲು ಸಣ್ಣ ಬೆರಳುಗಳು ಬೇಕು. ಈ ಕಾಲದಲ್ಲಿ ಮನೆಗೆ ಹೋದ ಹುಡುಗಿ ತಾನಾಗಿ ಹಿಂದಿರುಗುವುದು, ಬಾವಿಗೆ ಬಿದ್ದ ಕೊಡ ತಾನಾಗಿ ಮೇಲೆ ಬಂದ ಹಾಗೆ.

ಅದು ಗೊತ್ತಿದ್ದೂ ಮೂರು ವಾರದ ಹಿಂದೆ ಆಕೆ ಒಬ್ಬಳನ್ನು ಕಳಿಸಿದ್ದಳು. ಗಟ್ಟುವಿನ ನವನೀತಾ, ಏಳನೇ ತರಗತಿ. ಮೊದಲು ಕೆರೆದುಕೊಂಡವಳು ಅವಳು. ಒಬ್ಬಳಿಂದ ನಲವತ್ತೆರಡು ಮಂದಿ ಕೆಡಬಾರದೆಂದು ಎರಡು ದಿನ ವರಾಂಡದಲ್ಲಿ ಬೇರೆ ತಟ್ಟೆಯಲ್ಲಿ ಊಟ ಹಾಕಿಸಿ, ಮೂರನೇ ದಿನ ಅಪ್ಪನನ್ನು ಕರೆಸಿ, ಟ್ರಂಕಿನ ಸಮೇತ ಬಸ್ಸು ಹತ್ತಿಸಿದ್ದಳು. "ತುರಿ ಹೋದಮ್ಯಾಲ ಕರ್ಕೊಂಡ ಬರ್ರಿ" ಅಂದಿದ್ದಳು. ಹುಡುಗಿ ಅಳಲಿಲ್ಲ. ಅಳುವುದನ್ನೆಲ್ಲ ಸೇರಿದ ಹೊಸದರಲ್ಲಿ, ಜೂನಿನಲ್ಲೇ ಮುಗಿಸಿದ್ದಳು. ಹೊಸಬರು ರಾತ್ರಿ ಅತ್ತರೆ ಬಸವೇಶ್ವರಿ ತನ್ನ ಕೌದಿಯೊಳಗೆ ಕರೆದು ಮಲಗಿಸಿಕೊಳ್ಳುತ್ತಿದ್ದಳು. ನವನೀತಾ ಹತ್ತು ರಾತ್ರಿ ಅಲ್ಲಿ ಮಲಗಿದ್ದಳು.

ರಿಜಿಸ್ಟರಿನಲ್ಲಿ ಅವಳ ಹೆಸರು ಇನ್ನೂ ಹಾಗೇ ಇತ್ತು. ನರ್ಸು ಅದನ್ನು ನೋಡಿಯೇ ಬಾಟಲಿಗಳಿಗೆ ಹೆಸರಿನ ಚೀಟಿ ಅಂಟಿಸಿದ್ದರಿಂದ ಬಾಟಲಿ ನಲವತ್ತಮೂರು ಇದ್ದವು.

ಪ್ರಾರ್ಥನೆ ಮುಗಿದ ಮೇಲೆ ಬಸವೇಶ್ವರಿ ಅಡುಗೆಮನೆಗೆ ಹೋಗಿ ದೊಡ್ಡ ಹಂಡೆಯ ಕಡೆ ನೋಡಿದಳು. ಅಡುಗೆಯ ಶೇಖಮ್ಮ ಆ ನೋಟವನ್ನು ನೋಡಿದಳು.

"ಅನ್ನದ ಹಂಡೇದಾಗ ಹಾಸಿಗಿ ಕುದಸ್ತೀರೇನ್ರಿ ಅಕ್ಕಾರ? ಕುದಸ್ರಿ. ಮಧ್ಯಾಹ್ನಕ್ಕ ಅದನ್ನ ಬಡಸ್ರಿ. ನಾ ಮನೀಗೆ ಹೊಂಟೆ."

"ಮತ್ತ ಎಲ್ಲಿ ಕುದಿಸಲೇ ನನ್ನವ್ವ? ಎಂಬತ್ತು ಚಾದರ, ಅದರ ಮ್ಯಾಲ ಅರಿವಿ."

ಇದಕ್ಕೆ ಉತ್ತರ ಗೇಟಿನಿಂದ ಬಂತು. ಎದುರಿನ ಕಿರಾಣಿ ಅಂಗಡಿಯ ಮಹಾಂತಯ್ಯ ಆಗಲೇ ಅಂಗಳದಲ್ಲಿದ್ದ. ಊರುಗಳಿಂದ ತಂದೆತಾಯಿಗಳು ಮಕ್ಕಳಿಗೆ ಹೇಳಿಕಳಿಸುತ್ತಿದ್ದುದು ಆತನ ಫೋನಿಗೆ. ಹೀಗಾಗಿ ಹಾಸ್ಟೆಲಿನ ಅರ್ಧ ಆಡಳಿತ ತನ್ನದೆಂದು ಆತ ತಿಳಿದಿದ್ದ.

"ತಂಗೆವ್ವ, ಯಲ್ಲಯ್ಯನ ಬಣ್ಣದ ಕಡಾಯಿ ಖಾಲಿ ಬಿದ್ದೈತಿ. ಹಿತ್ತಲ ಗ್ವಾಡಿ ದಾಟಿದ್ರ ಆತು," ಎನ್ನುತ್ತ ಮಹಾಂತಯ್ಯ ಕತ್ತು ಕೆರೆದುಕೊಂಡ. ಅದನ್ನು ನೋಡಿ ಶೇಖಮ್ಮ ತೋಳು ಕೆರೆದುಕೊಂಡಳು. ಬಸವೇಶ್ವರಿ ಬೆರಳ ಸಂದಿ ಉಜ್ಜಿಕೊಂಡಳು.

ಯಲ್ಲಯ್ಯ ನೂಲಿಗೆ ಬಣ್ಣ ಹಾಕುವವ. ಮೂರು ತಲೆಮಾರಿನ ಕಸುಬು. ಆತನ ಕಡಾಯಿಯಲ್ಲಿ ಎರಡು ಎಮ್ಮೆ ಕೂತು ಮಾತಾಡಬಹುದಿತ್ತು.

"ಎರಡ ಸಲ ತಿಕ್ಕಿ ತೊಳದೀನ್ರಿ ಮ್ಯಾಡಮ್ಮ," ಎಂದ ಯಲ್ಲಯ್ಯ, ಗೋಡೆಯ ಆಚೆಯಿಂದ. "ಮೋಡ ಮುಸುಕೈತಿ, ನೂಲು ಒಣಗಂಗಿಲ್ಲ. ಅದಕ್ಕ ಮೂರ ದಿನದಿಂದ ಖಾಲಿ. ಮಕ್ಕಳ ಕೆಲಸ ಅಲ್ಲೇನ್ರಿ, ತಗೋರಿ."

ನೂಲು ಒಣಗದ ದಿನ ಚಾದರವೂ ಒಣಗುವುದಿಲ್ಲ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಹುಡುಗಿಯರು ಇರುವೆಗಳ ಹಾಗೆ ಸಾಲುಗಟ್ಟಿ ಹೊದಿಕೆ, ಲಂಗ, ಯೂನಿಫಾರಂ ಎಲ್ಲವನ್ನೂ ಗೋಡೆ ದಾಟಿಸಿದರು. ಶೇಖಮ್ಮ ವಾರ್ಡನ್ ಕೋಣೆಗೂ ಬಂದು ಕೌದಿಗೆ ಕೈಹಾಕಿದಳು.

"ಅದು ಬ್ಯಾಡ," ಎಂದಳು ಬಸವೇಶ್ವರಿ. "ನಮ್ಮವ್ವ ಎಂಟು ಹಳೇ ಸೀರಿ ಕೂಡಿಸಿ ಹೊಲದದ್ದು. ಕುದಿಸಿದ್ರ ಹಿಂಜಿ ಹೋಕ್ಕತಿ. ಮಕ್ಕಳದು ಮೊದಲ ಆಗಲಿ."

ಆ ಕೌದಿಯನ್ನು ಆಕೆ ಎಲ್ಲಿಗೂ ಬಿಟ್ಟುಹೋಗುತ್ತಿರಲಿಲ್ಲ. ಮೇ ತಿಂಗಳಲ್ಲಿ ಮಕ್ತಲದ ತಂಗಿಯ ಮದುವೆಗೂ ಒಯ್ದು, ಅಲ್ಲಿ ಗುರುತಿಲ್ಲದ ನೆಂಟರೊಂದಿಗೆಲ್ಲ ಹಂಚಿಕೊಂಡು ಹೊದ್ದು, ಅರಿಶಿನದ ಕಲೆಯ ಸಮೇತ ಹಿಂದೆ ತಂದಿದ್ದಳು. ಈಗ ಅದನ್ನು ಮಡಚಿ ಬೀರುವಿನ ಮೇಲಿಟ್ಟಳು. ಉಳಿದ ನಲವತ್ತಮೂರನೆಯ ಬಾಟಲಿಯನ್ನು ಅದರ ಮೇಲಿಟ್ಟಳು.

ಹನ್ನೊಂದು ಗಂಟೆಗೆ ನೀರು ಕುದಿಯಿತು. ಹನ್ನೊಂದೂವರೆಗೆ ನೀರು ಕೆಂಪಗಾಯಿತು. ತಿಕ್ಕಿ ತೊಳೆದಾಗ ಸುಮ್ಮನೆ ಅಡಗಿ ಕೂತಿದ್ದ ಬಣ್ಣ, ಬೆಂಕಿ ತಗುಲಿದ್ದೇ ತಳದಿಂದ ಎದ್ದು ಬಂದಿತ್ತು. ಕೋಲಿನಿಂದ ಎತ್ತಿದ ಮೊದಲ ಚಾದರ ಮದುಮಗಳ ಸೀರೆಯ ಹಾಗಿತ್ತು.

ಬಸವೇಶ್ವರಿ ಕೋಲಿನಿಂದ ಒಂದೊಂದೇ ಚಾದರ ಎತ್ತಿ ನೋಡಿದಳು, ಎಲ್ಲವೂ ಕೆಂಪು. ಯಲ್ಲಯ್ಯನಿಗೆ ಮಾತ್ರ ಖುಷಿ ತಡೆಯಲಾಗಲಿಲ್ಲ.

"ಹ್ಯಾಂಗ ಹತ್ತೈತಿ ನೋಡ್ರಿ. ಬೇಕಂತ ಹಾಕಿದ್ರೂ ಇಷ್ಟ ಚಂದ ಬರೂದಿಲ್ಲ. ಜನ್ಮದಾಗ ಹೋಗಂಗಿಲ್ಲ ಇದು."

ಅತ್ತ ಹಾಸ್ಟೆಲಿನಲ್ಲಿ ದೊಡ್ಡ ಹುಡುಗಿಯರು ಸಣ್ಣವರಿಗೆ ಲೋಶನ್ ಬಳಿದು ಮುಗಿಸಿದ್ದರು. ನಲವತ್ತೆರಡು ಮಂದಿ ಕುತ್ತಿಗೆಯ ಕೆಳಗೆ ಸುಣ್ಣ ಹೊಡೆದ ಗೋಡೆಗಳಂತೆ, ಮಲಗುವ ಹಾಲ್‌ನ ಬಾಗಿಲು ಹಾಕಿಕೊಂಡು, ಬಟ್ಟೆಗಾಗಿ ಕಾಯುತ್ತಿದ್ದರು. ಒಣಗಿದ ಬಟ್ಟೆ ಒಂದೂ ಇರಲಿಲ್ಲ. ಎರಡು ಗಂಟೆಯವರೆಗೆ ಮೋಡವನ್ನು ನೋಡಿ ಸೋತ ಬಸವೇಶ್ವರಿ, ಹಸಿ ಚಾದರಗಳನ್ನೇ ಹಿಂಡಿ ಒಬ್ಬೊಬ್ಬರಿಗೆ ಸುತ್ತಿದಳು. ಹಿಂಡಿ ಹಿಂಡಿ ಆಕೆಯ ಕೈಯೂ ಕೆಂಪಾಯಿತು.

ಅರ್ಧ ಗಂಟೆಯಲ್ಲಿ ಹಸಿ ಬಣ್ಣ ಹಸಿ ಲೋಶನ್ನಿಗೆ ಇಳಿಯಿತು. ಹುಡುಗಿಯರ ತೋಳು, ಬೆನ್ನು, ಕಾಲುಗಳ ಮೇಲೆ ಕೆಂಪು ಮಚ್ಚೆಗಳು ಅರಳಿದವು. ಅವರಿಗೆ ಅದು ಹೋಳಿಯಷ್ಟೇ ಮೋಜಾಗಿತ್ತು. ಕಿಟಕಿಯ ಬಳಿ ನಿಂತ ಒಬ್ಬಳ ತೋಳು ಮಹಾಂತಯ್ಯನ ಕಣ್ಣಿಗೆ ಬಿತ್ತು.

ಆತ ಅಂಗಡಿಗೆ ಓಡಿಹೋಗಿ ಹಿಂದಿರುಗುವಷ್ಟರಲ್ಲಿ ಗೇಟಿಗೆ ಬೇವಿನ ತೊಪ್ಪಲು ಕಟ್ಟಿಯಾಗಿತ್ತು, ಊರೂರಿಗೆ ಫೋನೂ ಹೋಗಿತ್ತು.

"ಕಾಕಾ, ಯಾರಿಗೆ ಫೋನ್ ಮಾಡಿದ್ರಿ?"

"ಎಲ್ಲಾರಿಗೂ ತಂಗೆವ್ವ. ಅಮ್ಮ ಬಂದಾಳ ಅಂತ ಹೇಳೀನಿ. ನೀ ಹೆದರಬ್ಯಾಡ, ಎಲ್ಲಾರೂ ಕರಕೊಂಡ ಹೋಗಾಕ ಬರ್ತೀವಿ ಅಂದಾರ."

ಬಸವೇಶ್ವರಿ ಬೇವಿನ ತೊಪ್ಪಲಿಗೆ ಕೈಹಾಕಿದಳು. ಆಗಲೇ ಗಾಡಿ ಬಂತು.

ಡಾಕ್ಟರ್ ಪ್ರಶಾಂತಿ ಗದ್ವಾಲದವಳು. ಚಿಕ್ಕ ವಯಸ್ಸು. ಕನ್ನಡ ಚೆನ್ನಾಗಿ ಬರುತ್ತಿತ್ತು. ಗಾಬರಿಯಾದರೆ ತೆಲುಗು ಬರುತ್ತಿತ್ತು. ಬೇವಿನ ತೊಪ್ಪಲು ದಾಟಿ ಹಾಲ್‌ನ ಬಾಗಿಲು ತೆರೆದವಳು "ಏಮೈಂದಿ ಈ ಪಿಲ್ಲಲಕಿ? ಏನಾಯ್ತು ಈ ಮಕ್ಕಳಿಗೆ?" ಎಂದು ನಿಂತಳು. "ತುರಿ ಅಂದ್ರು. ಇದೇನು, ದಡಾರನಾ? ಇಷ್ಟೂ ಮಂದಿಗಾ?"

"ಬಣ್ಣರೀ ಮೇಡಂ. ಬರೇ ಬಣ್ಣ. ಹೊದಿಕೀದು ಬಿಟ್ಟೈತಿ. ಬೇಕಾದ್ರ ಯಲ್ಲಯ್ಯಣ್ಣನ್ನ ಕೇಳ್ರಿ."

ಯಲ್ಲಯ್ಯ ಗೋಡೆಯ ಮೇಲಿಂದ ತಲೆ ಎತ್ತಿದ. ಓಣಿಯ ನೇಕಾರರೆಲ್ಲ ಆತನ ಹಿಂದೆ ಸೇರಿದ್ದರು.

"ಯಲ್ಲಯ್ಯನ ಬಣ್ಣ ಬಿಡಂಗಿಲ್ರಿ," ಎಂದ.

"ಯಣ್ಣಾ, ನಿನ ಕಾಲಿಗೆ ಬೀಳ್ತೀನಿ. ಬಿಟ್ಟೈತಿ ಅಂತ ಒಂದ ಮಾತ ಅನ್ನು."

"ಹ್ಯಾಂಗ ಅನ್ಲಿ ಮ್ಯಾಡಮ್ಮ? ನಾಳೆ ನೂಲು ಯಾರ ಕೊಡ್ತಾರ ನನಗ?"

ಬಣ್ಣ ಬಿಟ್ಟರೆ ಯಲ್ಲಯ್ಯನ ಕಸುಬು ಹೋಗುತ್ತಿತ್ತು, ಬಿಡದಿದ್ದರೆ ಹಾಸ್ಟೆಲು ಮುಚ್ಚುತ್ತಿತ್ತು. ಪ್ರಶಾಂತಿ ಇಬ್ಬರನ್ನೂ ನೋಡಿ, ಹತ್ತಿಯ ಉಂಡೆಗೆ ಸ್ಪಿರಿಟ್ ಹಾಕಿ, ಹತ್ತಿರದ ಹುಡುಗಿಯ ತೋಳು ಒರೆಸಿದಳು. ಕೆಂಪು ಹತ್ತಿಗೆ ಬಂತು, ತೋಳು ತೋಳಾಯಿತು. ಇನ್ನೊಬ್ಬಳದೂ ಹಾಗೇ. ಹುಡುಗಿಯರು ನಗತೊಡಗಿದರು. ಡಾಕ್ಟರೂ ನಕ್ಕಳು. ಯಲ್ಲಯ್ಯನ ತಲೆ ಗೋಡೆಯ ಹಿಂದೆ ಮುಳುಗಿತು.

"ಹಾಸ್ಟೆಲ್ ಮುಚ್ಚೋದು ಬೇಡ," ಎಂದಳು ಪ್ರಶಾಂತಿ. "ಕೆಲಸ ಚೆನ್ನಾಗಿ ಮಾಡಿದೀರಿ. ನಿಮ್ಮ ಕೈ ಕೊಡಿ, ಒರೆಸ್ತೀನಿ."

ಬಸವೇಶ್ವರಿ ನಿರಾಳವಾಗಿ ಎರಡೂ ಕೈ ಚಾಚಿದಳು. ಅಂಗೈಯ ಬಣ್ಣ ಹೋಯಿತು. ಮುಂಗೈಯದು ಹೋಯಿತು. ಬೆರಳ ಸಂದಿಗಳಲ್ಲಿ ಮಾತ್ರ, ಸೂಜಿಯಿಂದ ಗೀರಿದಂತೆ, ನಾಲ್ಕಾರು ಸಣ್ಣ ಕೆಂಪು ಗೆರೆಗಳು ಉಳಿದವು. ಡಾಕ್ಟರು ಮತ್ತೊಮ್ಮೆ ಒರೆಸಿದಳು. ಗೆರೆಗಳು ಹೋಗಲಿಲ್ಲ. ನಗು ನಿಂತಿತು.

"ಇದು ಹುಳ ಕೊರೆದ ದಾರಿ," ಎಂದಳು ಮೆಲ್ಲಗೆ. "ನಾವು ಪೆನ್ನಿನ ಇಂಕು ಹಚ್ಚಿ ಒರೆಸಿ ನೋಡ್ತೀವಿ. ತುರಿ ಇದ್ರೆ ಇಂಕು ಒಳಗೇ ಉಳೀತದೆ. ಯಾವಾಗಿಂದ ಕೆರೀತಿದೆ ನಿಮಗೆ?"

"ಇದು ಪಿತ್ತರೀ. ಮಳಿಗಾಲ ಶುರು ಆದಾಗಿಂದ ಐತಿ. ಜೂನ್ ಕೊನಿಗೆ."

"ಮಕ್ಕಳಲ್ಲಿ ಮೊದಲು ಯಾರಿಗೆ ಬಂತು? ಎಲ್ಲಿದ್ದಾಳೆ?"

"ನಾಗರ ಪಂಚಮಿ ಮುಂದ, ಒಬ್ಬಾಕಿಗೆ. ಮನೀಗೆ ಕಳಿಸೀನಿ."

ಪ್ರಶಾಂತಿ ಹತ್ತಿಯ ಉಂಡೆಯನ್ನು ಕೆಳಗಿಟ್ಟಳು. "ಕಳಿಸಬೇಕಾಗಿರಲಿಲ್ಲ," ಎಂದಳು ಆಮೇಲೆ. "ಲೋಶನ್ ಹಚ್ಚಿದ ಮಾರನೇ ದಿನ ಶಾಲೆಗೆ ಹೋಗಬಹುದಿತ್ತು. ಒಂದು ದಿನ ಸಾಕಾಗ್ತಿತ್ತು."

ಗೋಡೆಯ ಹಿಂದಿನಿಂದ ಯಲ್ಲಯ್ಯ ಮೇಲೆದ್ದ. "ನೋಡಿದ್ರೇನ್ರಿ," ಎಂದು ನೇಕಾರರಿಗೆ ಹೇಳಿದ, "ಹೋಗಂಗಿಲ್ಲ ಅಂದೆನಲ್ಲ."

ಗಾಡಿಯಲ್ಲಿ ಲೋಶನ್ ಮುಗಿದಿತ್ತು. ರಿಜಿಸ್ಟರು ನೋಡಿದ ಡಾಕ್ಟರು, ನಿಮ್ಮಲ್ಲೇ ಒಂದು ಬಾಟಲಿ ಉಳಿದಿರಬೇಕು, ಇವತ್ತೇ ಹಚ್ಚಿಕೊಳ್ಳಿ, ನಾಳೆವರೆಗೆ ಯಾರನ್ನೂ ಮುಟ್ಟಬೇಡಿ, ನಿಮ್ಮ ಹಾಸಿಗೆ ಹೊದಿಕೆಯನ್ನೂ ಕುದಿಸಿ ಎಂದು ಹೇಳಿ ಹೊರಟುಹೋದಳು. ಮಹಾಂತಯ್ಯ ಬೇವಿನ ತೊಪ್ಪಲು ಬಿಚ್ಚಿ, ಅದೇ ಊರುಗಳಿಗೆ ಅದೇ ಉತ್ಸಾಹದಿಂದ ಮತ್ತೆ ಫೋನು ಹಚ್ಚಿದ. ಅಮ್ಮ ಬಂದಿಲ್ಲ, ತುರಿ ವಾರ್ಡನ್ನಿಗೇ ಐತಿ, ಯಾರೂ ಬರಬ್ಯಾಡ್ರಿ.

ಬಸವೇಶ್ವರಿ ಕೋಣೆಗೆ ಹೋಗಿ ಗಟ್ಟುವಿಗೆ ಫೋನು ಮಾಡಿದಳು. ಎತ್ತಿದ್ದು ನವನೀತಾಳ ತಾಯಿ ಪೋಚಮ್ಮ.

"ಅಕೀದು ಎಂದೋ ಹೋತ್ರಿ ಮ್ಯಾಡಂ. ಇಲ್ಲಿ ದವಾಖಾನ್ಯಾಗ ಬಿಳೀ ಔಷಧ ಕೊಟ್ರು."

"ಮತ್ತ ಯಾಕ ಕಳಿಸಲಿಲ್ಲ ತಾಯಿ?"

"ಟ್ರಂಕ ತುಂಬಿ ಕುಂತಿದ್ಲು. ಅಷ್ಟರಾಗ ಹಾಸ್ಟೆಲಿನ್ಯಾಗ ಎಲ್ಲಾರಿಗೂ ತುರಿ ಐತಂತ ಸುದ್ದಿ ಬಂತು. ಅಲ್ಲೀದು ಹೋದಮ್ಯಾಲ ಹೋಗ್ಲಿ ಅಂದ ಅವರಪ್ಪ. ಹತ್ತಿ ಹೊಲದ ಮೇಸ್ತ್ರಿ ಬಂದು ಹೆಸರ ಬರಕೊಂಡ ಹೋದ. ಈಗ ಹೂವಿನ ಕೆಲಸಕ್ಕ ಹೊಕ್ಕಾಳ. ದೀಪಾವಳಿ ದಾಟೂ ಮಟ ಬಿಡಂಗಿಲ್ಲ."

"ನಾಳೆ ನಾನ ಬರ್ತೀನಿ. ಮಾತಾಡ್ತೀನಿ ಮೇಸ್ತ್ರಿ ಕೂಡ."



"ಅಂಗಡಿ ಮಹಾಂತಯ್ಯಾರು ಫೋನ್ ಮಾಡಿದ್ರು ಮ್ಯಾಡಂ," ಎಂದಳು ಪೋಚಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನವನೀತಾ ಬಂದ ದಿನಾನ ಹೇಳಿದ್ಲು, ಮ್ಯಾಡಮ್ಮಗ ನನಗಿಂತ ಮೊದಲ ಕೆರೀತಿತ್ತು ಅಂತ. ದೊಡ್ಡೋರ ಬಗ್ಗೆ ಹಂಗ ಅನಬಾರದಂತ ಬಾಯಿ ಮ್ಯಾಲ ಒಂದ ಹೊಡದೆ. ನೀವು ಈಗ ಬರಬ್ಯಾಡ್ರಿ. ಹೋದಮ್ಯಾಲ ಬರ್ರಿ."

ಸಂಜೆ ಶೇಖಮ್ಮ ಊಟ ತಂದು ವರಾಂಡದಲ್ಲಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು, ಕರೆದಳು. ಮೂರು ವಾರದ ಹಿಂದೆ ಬೇರೆಯಾಗಿ ಎತ್ತಿಟ್ಟಿದ್ದ ಅದೇ ತಟ್ಟೆ. ಹಾಲ್‌ನಲ್ಲಿ ಹುಡುಗಿಯರು ಕೆಂಪು ಚಾದರಗಳಲ್ಲಿ ಮದುಮಗಳ ಆಟ ಆಡುತ್ತಿದ್ದರು. ಒಬ್ಬರೂ ಮನೆಗೆ ಹೋಗಿರಲಿಲ್ಲ.

ಬಸವೇಶ್ವರಿ ಕೌದಿಯನ್ನು ಕುದಿಸಲು ಕೊಟ್ಟು, ಬಾಗಿಲು ಹಾಕಿಕೊಂಡು, ಬಾಟಲಿ ತೆಗೆದಳು. 'ನವನೀತಾ, 7ನೇ ತರಗತಿ' ಎಂದು ಚೀಟಿಯ ಮೇಲೆ ನರ್ಸಿನ ದುಂಡಕ್ಷರ. ಕುತ್ತಿಗೆಯಿಂದ ಹಚ್ಚಿಕೊಳ್ಳತೊಡಗಿದಳು. ಹುಡುಗಿಯ ಮೈಯಳತೆಯ ಬಾಟಲಿ. ಮೊಣಕಾಲಿಗೆ ಬರುವಷ್ಟರಲ್ಲಿ ಮುಗಿದುಹೋಯಿತು.