ಕನ್ನಡಿಯ ಮುಂದೆ ಮೂರು ಕ್ಷಮೆ

“ನಾಳೆ ಭಾನುವಾರ ಹತ್ತರಿಂದ ಹನ್ನೊಂದು ಗಂಟೆವರೆಗೆ ನಾನು ಈ ಮನೇಲಿ ಇಲ್ಲ ಅಂದ್ಕೊಳ್ಳಿ! ಭೂಮಿ ಬಿರಿದ್ರೂ ಕರೀಬೇಡಿ, ಆಕಾಶ ಕಳಚಿ ಬಿದ್ರೂ ಬಾಗಿಲು ತಟ್ಟಬೇಡಿ. ಅದು ನನ್ನ ಗಂಟೆ, ನನ್ನೊಬ್ಬಳದೇ!”

ಸೊಸೆ ಊಟದ ಮೇಜಿನ ತುದಿಯಲ್ಲಿ ನಿಂತು, ಸೌಟನ್ನೇ ರಾಜದಂಡದಂತೆ ಎತ್ತಿ ಹಿಡಿದು ಹೊರಡಿಸಿದ ಆಜ್ಞೆ ಇದು. ಪ್ರಜೆಗಳಿದ್ದದ್ದು ಇಬ್ಬರೇ. ವೃತ್ತಿಯಲ್ಲಿ ಬಡಗಿಯಾದ ಗಂಡ ತಟ್ಟೆಯಿಂದ ತಲೆಯೆತ್ತದೆ, “ನೀನಿಲ್ಲ ಅಂದ್ಕೊಂಡ್ರೆ ನನ್ನ ಟವೆಲ್ ಎಲ್ಲಿದೆ ಅಂತ ಯಾರನ್ನ ಕೇಳೋದು?” ಎಂದ. ಅತ್ತೆ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, “ಆಂ? ಯಾರು ಕಳಚಿ ಬಿದ್ರು?” ಎಂದರು. ಅವರಿಗೆ ಕಿವಿ ಮಂದ. ನಾಲ್ಕೈದು ವರ್ಷಗಳಿಂದ ಮನೆಯವರೆಲ್ಲ ಅವರ ಹತ್ತಿರ ಮಾತಾಡುವಾಗ ಪಕ್ಕದ ಕಟ್ಟಡದವರಿಗೂ ಸುದ್ದಿ ಮುಟ್ಟುವಂತೆ ಕೂಗುತ್ತಿದ್ದರು.

ಈ ಕ್ರಾಂತಿಯ ಬೀಜ ಬಿದ್ದದ್ದು ಅವಳು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನಲ್ಲಿ. ಅಲ್ಲಿ ಒಳಗಿನ ಕುರ್ಚಿಯಲ್ಲಿ ಬಾಯಿ ತೆರೆಯುವುದು ರೋಗಿಗಳ ಕೆಲಸವಾದರೆ, ಹೊರಗಿನ ಕೌಂಟರಿನಲ್ಲಿ ಬಾಯಿ ಅಗಲಿಸಿ ನಗುವುದು ಇವಳ ಕೆಲಸ. ಕೆನ್ನೆ ಊದಿಸಿಕೊಂಡು ಬಂದವರಿಗೆ ನಗು. ಒಳಗಿನಿಂದ ಗುಂಯ್ ಎನ್ನುವ ಸದ್ದು ಕೇಳಿ ಎದ್ದು ಓಡಲು ನೋಡುವವರಿಗೆ ಇನ್ನೂ ದೊಡ್ಡ ನಗು. ಸಂಜೆ ಹೊತ್ತಿಗೆ ದವಡೆ ಎರಡು ಮೂಟೆ ಸಿಮೆಂಟು ಹೊತ್ತಂತೆ ನೋಯುತ್ತಿತ್ತು. ಒಂದು ದಿನ ಡಾಕ್ಟರಮ್ಮನೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬಾಯಿಗೆ ದೀಪ ಹಿಡಿದು ನೋಡಿ, ಹುಬ್ಬೇರಿಸಿದರು.

“ಹಲ್ಲೆಲ್ಲ ಸವೆದಿದೆಯಲ್ರೀ! ನಿದ್ದೇಲಿ ಹಲ್ಲು ಮಸೀತೀರಾ?”

“ಇಲ್ಲಪ್ಪ, ನಾನ್ಯಾಕೆ ಮಸೀಲಿ?”

“ಯಾರ ಮೇಲೆ ಮಸೀತೀರೋ ಅದು ನನಗೆ ಬೇಡ. ಸ್ವಲ್ಪ ನಿಮ್ಮನ್ನ ನೀವು ನೋಡ್ಕೊಳ್ಳಿ.”

ನನ್ನನ್ನು ನಾನು ನೋಡಿಕೊಳ್ಳುವುದೇ! ಹೇಗೆ? ಅದನ್ನು ಹೇಳಿಕೊಡಲು ಫೋನಿನೊಳಗೆ ಒಬ್ಬ ಜೇನುದನಿಯ ಅಕ್ಕ ಸಿಕ್ಕಳು. ದಿನವೂ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಸೊಸೆ ಅವಳ ಪಾಠ ಕೇಳಿದಳು. ಬಾಗಿಲು ಹಾಕಿಕೊಳ್ಳಿ. ಫೋನನ್ನು ಆಚೆ ಇಡಿ. ಕನ್ನಡಿಯ ಮುಂದೆ ಕುಳಿತು, ನಿಮ್ಮ ಮನಸ್ಸನ್ನು ನೋಯಿಸಿದವರನ್ನು ಹೆಸರು ಹಿಡಿದು, ಗಟ್ಟಿಯಾಗಿ ಕ್ಷಮಿಸಿ. ಆಮೇಲೆ ಮುಖಕ್ಕೆ ಜೇಡಿಮಣ್ಣಿನ ಲೇಪ ಹಚ್ಚಿಕೊಂಡು ಹೂವಿನಂತೆ ಮಲಗಿ. ಎದ್ದಾಗ ನೀವು ಹೊಸ ಮನುಷ್ಯರಾಗಿರುತ್ತೀರಿ!

ಭಾನುವಾರ ಬಂತು. ಯಾರದೋ ಮನೆಯ ಬಾಗಿಲು ಸರಿಯಾಗಿ ಹಾಕಲಾಗುತ್ತಿಲ್ಲವೆಂದು ಗಂಡ ಚೀಲ ಹೆಗಲಿಗೇರಿಸಿಕೊಂಡು ಹೋದ. ತನ್ನದೇ ಮಲಗುವ ಕೋಣೆಯ ಬಾಗಿಲಿನ ಹಿಡಿ ಅಲ್ಲಾಡಲು ಶುರುವಾಗಿ ಎಷ್ಟು ಕಾಲವಾಯಿತೆಂಬುದು ಅವನಿಗೆ ನೆನಪಿರಲಿಲ್ಲ. ನೆನಪಿಸಿದರೆ, “ಅದಾ? ಅದು ಕೈ ಚಳಕದ ಮೇಲಿದೆ. ಸ್ವಲ್ಪ ಎತ್ತಿ ತಿರುಗಿಸು,” ಎನ್ನುತ್ತಿದ್ದ. ಅತ್ತೆ ನಡುಮನೆಯಲ್ಲಿ, ಅದೇ ಕೋಣೆಯ ಗೋಡೆಗೆ ಕುರ್ಚಿ ಎಳೆದುಕೊಂಡು, ಮಡಿಲಲ್ಲಿ ಬುಟ್ಟಿ ಇಟ್ಟು ಬಟಾಣಿ ಬಿಡಿಸುತ್ತ ಕುಳಿತರು. ಸೊಸೆ ಫೋನನ್ನು ಅಡುಗೆಮನೆಯ ಕಪಾಟಿಗೆ ಸೇರಿಸಿ, ಮಣ್ಣು ಕಲಸಿದ ಬಟ್ಟಲು ಹಿಡಿದು, ಪಟ್ಟಾಭಿಷೇಕಕ್ಕೆ ಹೋಗುವ ಠೀವಿಯಲ್ಲಿ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು.

ಕನ್ನಡಿಯ ಮುಂದೆ ಕುಳಿತು ಕೆಮ್ಮಿದಳು. ಮೊದಮೊದಲು ನಾಚಿಕೆಯಾಯಿತು. ಆಮೇಲೆ, ಹೇಗೂ ಕೇಳಿಸಿಕೊಳ್ಳುವವರು ಯಾರಿದ್ದಾರೆ ಎಂದು ಧೈರ್ಯ ಬಂತು. ಗಟ್ಟಿಯಾಗಿಯೇ ಶುರುಮಾಡಿದಳು.

“ಅತ್ತೆ, ನಾನು ಮಡಚಿಟ್ಟ ಬಟ್ಟೆನೆಲ್ಲ ನೀವು ದಿನಾ ಬಿಚ್ಚಿ ಮತ್ತೆ ಮಡಚ್ತೀರಲ್ಲ, ಅದಕ್ಕೆ ನಿಮ್ಮನ್ನ ಕ್ಷಮಿಸಿದೀನಿ.” ಆಹಾ, ಎಷ್ಟು ಹಗುರ! “ನಮ್ಮ ಸೊಸೆ ನಗೋದು ಸಂಬಳ ಕೊಟ್ರೆ ಮಾತ್ರ ಅಂತ ನೆಂಟರ ಮುಂದೆ ಅಂದ್ರಲ್ಲ, ಅದಕ್ಕೂ ಕ್ಷಮಿಸಿದೀನಿ.”

ಮೂರನೆಯದು ಬರುವಾಗ ದನಿ ಸ್ವಲ್ಪ ಎಡವಿತು. “ನಮ್ಮಪ್ಪ ತೀರಿಕೊಂಡ ವಾರ ನಾನು ಅಡುಗೆಮನೇಲಿ ಅಳ್ತಾ ಇದ್ದೆ. ನೀವು ಬಂದು, ಸಾಕು ಕಣ್ಣೊರೆಸ್ಕೋ, ಮನೆಗೆ ಜನ ಬರ್ತಾರೆ ಅಂದ್ರಿ. ಅದಕ್ಕೆ…” ಕನ್ನಡಿಯಲ್ಲಿನ ಹೆಂಗಸು ಅವಳನ್ನೇ ದಿಟ್ಟಿಸುತ್ತಿದ್ದಳು. “ಅದಕ್ಕೂ ಕ್ಷಮಿಸಿದೀನಿ. ಕ್ಷಮಿಸೋಕೆ ನೋಡ್ತಿದೀನಿ.”

ಇಷ್ಟು ಹೇಳುವುದರೊಳಗೆ ಅವಳಿಗೆ ಬಟ್ಟೆ ಒಗೆದಷ್ಟು ಸುಸ್ತಾಗಿತ್ತು. ಮಣ್ಣನ್ನು ಗೋಡೆಗೆ ಗಿಲಾವು ಮಾಡುವವರಂತೆ ದಪ್ಪಗೆ ಬಳಿದುಕೊಂಡು, ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದಳು. ಹೂವಿನಂತೆ ಮಲಗಿದ್ದು ಮೊದಲ ಎರಡು ನಿಮಿಷ. ಆಮೇಲೆ ಮರದ ದಿಮ್ಮಿಯಂತೆ ನಿದ್ದೆ ಹೋದಳು.

ಎಚ್ಚರವಾದಾಗ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಒಂದು ಬಿಲ್ಲೆ ದಿಂಬಿನ ಕೆಳಗಿತ್ತು, ಇನ್ನೊಂದು ಕೊರಳಿಗೆ ಅಂಟಿತ್ತು. ಮುಖವೋ, ಮುಖವೇ ಇರಲಿಲ್ಲ! ಅದರ ಜಾಗದಲ್ಲಿ ಒಂದು ಮಡಕೆಯಿತ್ತು. ತುಟಿ ಬಿಡಿಸಲು ಹೋದರೆ ಕೆನ್ನೆ ಎಳೆಯಿತು, ಕೆನ್ನೆ ಸಡಿಲಿಸಲು ಹೋದರೆ ಹಣೆ ಎಳೆಯಿತು. ತೊಳೆದುಕೊಂಡರಾಯಿತೆಂದು ಎದ್ದು ಬಾಗಿಲಿಗೆ ಹೋಗಿ, ಹಿಡಿಯನ್ನು ಎತ್ತದೆ, ಅವಸರದಲ್ಲಿ ಒಮ್ಮೆ ತಿರುಗಿಸಿದಳು.

ಹಿಡಿ ಕೈಗೇ ಬಂತು. ಆಚೆ ಕಡೆಯ ಹಿಡಿ ಠಣಾರ್ ಎಂದು ನೆಲಕ್ಕೆ ಬಿತ್ತು. ಬಾಗಿಲಿನಲ್ಲಿ ಉಳಿದದ್ದು ಎರಡು ಬೆರಳು ತೂರುವಷ್ಟು ಒಂದು ತೂತು.

ಮೂರನೆಯ ಮಹಡಿ. ಕಿಟಕಿಗೆ ಸರಳು. ಫೋನು ಅಡುಗೆಮನೆಯಲ್ಲಿ. ಆಚೆಗಿರುವ ಒಬ್ಬರಿಗೋ ಕಿವಿ ಕೇಳಿಸುವುದಿಲ್ಲ! ಸೊಸೆ ಎರಡೂ ಕೈಯಿಂದ ಬಾಗಿಲು ಬಡಿದು, ಬಾಯಿ ಬಿಡಲಾಗದೆ ಮೂಗಿನಲ್ಲೇ ಕೂಗಿದಳು. “ಊಂ! ಊಂಊಂ!”

ಆಚೆಯಿಂದ ಅತ್ತೆಯ ದನಿ ಬಂತು. “ಇದೂ ನಿನ್ನ ಆ ಒಂದು ಗಂಟೆ ಅಭ್ಯಾಸದಲ್ಲಿ ಬರುತ್ತಾ?”

ಇನ್ನು ಮುಖ ಹೋದರೂ ಸರಿಯೆಂದು ಸೊಸೆ ಬಾಯಿ ಅಗಲಿಸಿದಳು. ಗಿಲಾವು ಚಕ್ಕೆಚಕ್ಕೆಯಾಗಿ ಎದೆಯ ಮೇಲೆ ಉದುರಿತು. ಉಸಿರೆಳೆದುಕೊಂಡು, ಕಟ್ಟಡದ ತಳಪಾಯ ನಡುಗುವಂತೆ ಕಿರುಚಿದಳು. “ಅತ್ತೇ! ಬಾಗಿಲು ತೆಗಿಯೋಕೆ ಆಗ್ತಿಲ್ಲಾ! ಹಿಡಿ ಕಿತ್ತು ಬಂತೂ!”

“ಗೊತ್ತಾಯ್ತು ಕಣೇ. ಯಾಕೆ ಹಾಗೆ ಕಿರುಚ್ತೀಯ? ನನಗೆ ಕೇಳಿಸುತ್ತೆ.”

ಸೊಸೆ ತೆರೆದ ಬಾಯಿ ಮುಚ್ಚಲಿಲ್ಲ. “ಕೇಳಿಸುತ್ತಾ? ಎಷ್ಟು ಕೇಳಿಸುತ್ತೆ?”

“ಎಲ್ಲಾ.”

“ಯಾವಾಗಿಂದ?”

“ಹುಟ್ಟಿದಾಗಿಂದ.”

ಸೊಸೆ ಬಾಗಿಲಿಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟಳು. “ಹಾಗಾದ್ರೆ… ನಾನು ಕನ್ನಡಿ ಮುಂದೆ ಹೇಳಿದ್ದು?”

“ಮೂರನ್ನೂ ಕೇಳಿಸಿಕೊಂಡೆ. ಗೊರಕೆನೂ ಕೇಳಿಸ್ತು.”

“ಮತ್ತೆ ಇಷ್ಟು ವರ್ಷ ನಾನು ನಿಮ್ಮ ಪಕ್ಕದಲ್ಲೇ ಕೂತು ನಮ್ಮಮ್ಮನ ಜೊತೆ ಫೋನಲ್ಲಿ ಮಾತಾಡಿದ್ದು?”

“ಅದೇ ನನ್ನ ಧಾರಾವಾಹಿ. ಒಂದು ಕಂತೂ ತಪ್ಪಿಸಿಲ್ಲ.”

ಭೂಮಿ ಬಿರಿದರೂ ಕರೆಯಬೇಡಿ ಎಂದಿದ್ದವಳು, ಈಗ ಬಿರಿದರೆ ಒಳಗೆ ಹೋಗಿ ಕೂತುಬಿಡಬಹುದಿತ್ತು ಎಂದುಕೊಂಡಳು. ನಾಚಿಕೆ, ಭಯ, ಅದರ ಮೇಲೆ ಸ್ವಲ್ಪ ಸಿಟ್ಟು. ನಾಳೆಯಿಂದ ಈ ಮನೆಯಲ್ಲಿ ಅವರ ಮುಖ ನೋಡುವುದು ಹೇಗೆ? “ಸುಳ್ಳು ಯಾಕೆ ಹೇಳಿದ್ರಿ ಅತ್ತೆ?”

ಕುರ್ಚಿ ಬಾಗಿಲ ಹತ್ತಿರ ಸರಿದ ಸದ್ದಾಯಿತು. “ನಿಮ್ಮ ಮಾವ ಇದ್ದಾಗ ದಿನಕ್ಕೆ ನೂರು ಸಲ ‘ಲೇ’ ಅನ್ನೋರು. ಅವರು ಹೋದ್ಮೇಲೆ ನಿನ್ನ ಗಂಡ ‘ಅಮ್ಮಾ, ನೀರು, ಅಮ್ಮಾ, ಟವೆಲ್ಲು’ ಅಂತ ಶುರುಮಾಡಿದ. ಒಂದಿನ ಮೈಗೆ ಹುಷಾರಿರ್ಲಿಲ್ಲ. ಕೂಗಿದ, ನಾನು ಕೇಳಿಸದವಳ ಹಾಗೆ ಸುಮ್ಮನಿದ್ದೆ. ಎದ್ದು ಹೋಗಿ ಅವನೇ ನೀರು ಕುಡಿದ! ಎಂಥಾ ನೆಮ್ಮದಿ ಗೊತ್ತಾ? ನೀನು ಈಗ ಬಾಗಿಲು ಹಾಕ್ಕೊಂಡೆ. ನಾನು ಆಗಲೇ ಕಿವಿ ಹಾಕ್ಕೊಂಡೆ. ಅಷ್ಟೇ.”

ಸೊಸೆಗೆ ನಗು ಬಂತು. ತಡೆದಳು. ತಡೆದಷ್ಟೂ ಮಣ್ಣು ಉದುರಿತು.

“ಬಟ್ಟೆ ವಿಷಯ ಹೇಳಿದ್ಯಲ್ಲ,” ಅತ್ತೆ ಮುಂದುವರಿಸಿದರು, “ನೀನು ಮಡಚಿದ್ದು ಚೆನ್ನಾಗೇ ಇರುತ್ತೆ. ನೀವಿಬ್ಬರೂ ಹೋದ್ಮೇಲೆ ಮನೆಯೆಲ್ಲ ಭಣಭಣ ಅನ್ನುತ್ತೆ ಕಣೇ. ಬಿಚ್ಚಿ ಮಡಚಿದ್ರೆ ಮಧ್ಯಾಹ್ನ ಕಳೆಯುತ್ತೆ. ನಗು ವಿಷಯ, ಅದು ನನ್ನ ಹೊಟ್ಟೆಕಿಚ್ಚು. ಗುರುತಿಲ್ಲದವರಿಗೆಲ್ಲ ದಿನಪೂರ್ತಿ ಹಂಚಿ ಬರ್ತೀಯ. ನನ್ನ ಪಾಲಿಗೆ ತಳ ಹತ್ತಿದ ಪಾತ್ರೆ.”

ಮೂರನೆಯದರ ಸುದ್ದಿ ಬರಲಿಲ್ಲ. ಬಟಾಣಿ ಸಿಪ್ಪೆ ಮುರಿಯುವ ಸದ್ದೂ ನಿಂತಿತ್ತು.

“ನಮ್ಮನೇಲಿ ಯಾರಾದ್ರೂ ಅತ್ತರೆ ಏನ್ ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ,” ಎಂದು ಅತ್ತೆಯ ದನಿ ಕೊನೆಗೂ ಬಂತು, ತಗ್ಗಿ. “ಅಳೋರನ್ನ ಕಂಡ್ರೆ ಕೈಕಾಲು ಆಡಲ್ಲ ನನಗೆ. ಅವತ್ತು ನಿನ್ನ ಬೆನ್ನು ಸವರೋಣ ಅಂತಾನೇ ಒಳಗೆ ಬಂದೆ. ಬಾಯಿಗೆ ಬಂದಿದ್ದು ಅದು. ಮಾತು ಬಿದ್ದ ಕೂಡ್ಲೇ ತಪ್ಪಾಯ್ತು ಅಂತ ಗೊತ್ತಾಯ್ತು. ವಾಪಸ್ ತಗೊಳ್ಳೋದು ಹೇಗೆ ಅಂತ ಗೊತ್ತಾಗ್ಲಿಲ್ಲ.”

ಸೊಸೆ ಉತ್ತರ ಕೊಡಲು ಹೋದಳು. ಮಾತಿನ ಬದಲು ಬಿಕ್ಕು ಬಂತು. ಕಣ್ಣೀರು ಮಣ್ಣಿನ ಮೇಲೆ ಕಾಲುವೆ ಕೊರೆದುಕೊಂಡು ಹರಿಯಿತು. ಅವಳು ತಿರುಗಿ ಮೊಣಕಾಲೂರಿದಾಗ ಬಾಗಿಲಿನ ತೂತಿನಲ್ಲಿ ಒಂದು ಕಣ್ಣು ಕಾಣಿಸಿಕೊಂಡು ಮಿಟುಕಿಸಿತು.

“ಅಯ್ಯಯ್ಯೋ, ಇದೇನೇ ಅವತಾರ! ಬೇಸಿಗೆ ಕೆರೆ ಬಿರುಕು ಬಿಟ್ಟ ಹಾಗಿದೀಯ! ಇರು.”

ಕಣ್ಣು ಮಾಯವಾಯಿತು. ಸ್ವಲ್ಪ ಹೊತ್ತಿಗೆ ಅದೇ ತೂತಿನಿಂದ ಒದ್ದೆ ಕರವಸ್ತ್ರದ ತುದಿ ಇಣುಕಿತು. ಆಚೆಯಿಂದ ಬೆರಳು ದೂಡಿದಂತೆಲ್ಲ ಮುದುಡಿ ಮುದುಡಿ ಒಳಗೆ ಬಂತು. “ಒರೆಸ್ಕೋ. ಆಮೇಲೆ ಬೇಕಾದಷ್ಟು ಅಳು. ಇವತ್ತು ಮನೆಗೆ ಯಾರೂ ಬರಲ್ಲ. ಬಂದ್ರೂ ನಾನು ಬಾಗಿಲು ತೆಗೆಯಲ್ಲ.”

ಸೊಸೆ ಮತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಮನಸಾರೆ ಅತ್ತಳು. ಆಚೆ ಕಡೆಯಿಂದ ಅತ್ತೆ, ಬೇರೇನೂ ತೋಚದೆ, ಬಾಗಿಲನ್ನೇ ಮೆಲ್ಲಗೆ ಸವರುತ್ತಿದ್ದರು. ಸರಸರ ಸದ್ದು ಅವಳ ಬೆನ್ನಿಗೆ ಕೇಳಿಸುತ್ತಿತ್ತು.

ಅಳು ಮುಗಿದ ಮೇಲೂ ಬಾಗಿಲು ಮಾತ್ರ ಹಾಗೇ ಮುಚ್ಚಿಕೊಂಡಿತ್ತು! “ಅತ್ತೆ, ಇವರಿಗೊಂದು ಫೋನ್ ಮಾಡಿ.”

“ಅದು ಹೇಗಾಗುತ್ತೆ? ಫೋನಲ್ಲಿ ಮಾತಾಡಿದ್ರೆ ನನ್ನ ಗುಟ್ಟು ಬಯಲಾಗಲ್ವಾ?” ಅತ್ತೆ ಯೋಚಿಸಿದರು. ಆಮೇಲೆ ಫೋನು ತಂದು, ಮಗನಿಗೆ ಹಚ್ಚಿ, ಮನೆ ಹಾರಿಹೋಗುವಂತೆ ಕೂಗಿದರು. “ಬೇಗ ಬಾರೋ! ನಿನ್ನ ಹೆಂಡ್ತಿ ಆಚೆ ಬರ್ತಿಲ್ಲ! ಏನಂದೆ? ಕೇಳಿಸ್ತಿಲ್ಲ! ಇಟ್ಟೆ!”

ಬಡಗಿ ಮೂರು ಮಹಡಿ ಮೆಟ್ಟಿಲನ್ನು ಹಾರಿಕೊಂಡೇ ಹತ್ತಿ ಬಂದ. ನೆಲದ ಮೇಲೆ ಬಿದ್ದಿದ್ದ ಹಿಡಿ ನೋಡಿದ. ಮುಖ ಸಣ್ಣದಾಯಿತು. “ಇದನ್ನ ಇವತ್ತು ಸರಿಮಾಡೋಣ ಅಂತಾನೇ ಇದ್ದೆ,” ಎಂದು ಗೊಣಗುತ್ತ ತೂತಿಗೆ ಒಂದು ಉಪಕರಣ ತೂರಿಸಿ ತಿರುಗಿಸಿದ. ಸೂಜಿಗೆ ದಾರ ಪೋಣಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಬಾಗಿಲು ತೆರೆಯಿತು. ಅರ್ಧ ಮಣ್ಣು, ಅರ್ಧ ಮುಖ, ಕೆಂಪು ಕಣ್ಣಿನ ಹೆಂಡತಿಯನ್ನು ನೋಡಿ ಅವನು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

“ಅಮ್ಮಾ! ಇವಳಿಗೇನಾಯ್ತಮ್ಮಾ?”

“ಆಂ?” ಅತ್ತೆ ಕಿವಿಗೆ ಅಂಗೈ ಹಿಡಿದರು.

ಅವನು ಹೆಂಡತಿಯ ಕಡೆ ತಿರುಗಿದ. ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ಬುಟ್ಟಿಯೊಳಗಿನ ಬಟಾಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. “ಜೋರಾಗಿ ಕೇಳ್ರೀ,” ಎಂದಳು ಸೊಸೆ. “ಪಾಪ, ಅವರಿಗೆ ಕೇಳಿಸಲ್ಲ ಅಂತ ಗೊತ್ತಿಲ್ವಾ?”

ಬಡಗಿ ತಲೆ ಕೆರೆದುಕೊಂಡು ಹಿಡಿ ಜೋಡಿಸಲು ಕುಳಿತ. ಸೊಸೆ ಮುಖ ತೊಳೆದು ಬರುವಷ್ಟರಲ್ಲಿ ಅವನು ಅದನ್ನು ಮುಗಿಸಿ, ಅರ್ಧಕ್ಕೆ ಬಿಟ್ಟುಬಂದ ಕೆಲಸಕ್ಕೆ ಹೊರಟುಹೋಗಿದ್ದ. ಅತ್ತೆ ಕೋಣೆಯೊಳಗೆ ಮಂಚದ ಮೇಲೆ ಕುಳಿತು, ಬಟ್ಟಲಿನಲ್ಲಿ ಉಳಿದಿದ್ದ ಮಣ್ಣನ್ನು ಮೂಸಿ ನೋಡುತ್ತಿದ್ದರು.

“ಇದನ್ನ ನನ್ನಂಥೋರೂ ಹಚ್ಕೋಬಹುದಾ?”

ಸೊಸೆ ಬಾಗಿಲನ್ನು ಓರೆ ಮಾಡಿ ಬಂದು ಅತ್ತೆಯ ಎದುರು ಕುಳಿತಳು. ಬೆರಳಲ್ಲಿ ಮಣ್ಣು ತೆಗೆದು ಕೆನ್ನೆಗೆ ಹಚ್ಚಿದಳು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದರೂ ಅವಳು ಆ ಮುಖವನ್ನು ಮುಟ್ಟಿದ್ದು ಇದೇ ಮೊದಲು. ಸುಕ್ಕಿನ ಚರ್ಮ ಹಳೆಯ ಹತ್ತಿಬಟ್ಟೆಯಷ್ಟು ಮೆತ್ತಗಿತ್ತು. ಅತ್ತೆ ಕಣ್ಣು ಮುಚ್ಚಿ, ಮಗುವಿನಂತೆ ಗಲ್ಲ ಮುಂದೆ ಮಾಡಿದರು. ಸೊಸೆಯ ಎದೆ ತುಂಬಿ ಬಂತು. ತಾನು ನಿಜವಾಗಿಯೂ ಬೆಳೆದೆ, ಈ ಒಂದು ಬೆಳಗಿನಲ್ಲಿ ಒಂದು ಆಳೆತ್ತರ ಬೆಳೆದುಬಿಟ್ಟೆ ಎನ್ನಿಸಿತು. ಕಲಿತವಳು ಕಲಿಸದೆ ಇರುತ್ತಾಳೆಯೇ?

“ಅತ್ತೆ,” ಎಂದಳು ಜೇನುದನಿಯಲ್ಲಿ, “ಕ್ಷಮಿಸಿಬಿಟ್ರೆ ಮನಸ್ಸು ಎಷ್ಟು ಹಗುರ ಆಗುತ್ತೆ ಅಂತೀರಿ! ನೀವೂ ಒಂದ್ಸಲ ಮಾಡಿ ನೋಡಿ. ನಾನು ಎದುರಿಗೇ ಇರ್ತೀನಿ. ಏನಿದ್ರೂ ಧಾರಾಳವಾಗಿ ಹೇಳಿ.”

“ಏನಿದ್ರೂ?”

“ಏನಿದ್ರೂ!”

“ಇದು ಒಣಗಿದ್ರೆ ಮಾತಾಡೋಕೆ ಆಗಲ್ಲ, ಅಲ್ವಾ? ಒಣಗೋಕೆ ಎಷ್ಟು ಹೊತ್ತು?”

“ಇಪ್ಪತ್ತು ನಿಮಿಷ.”

ಅತ್ತೆ ಒಂದು ಕಣ್ಣು ತೆರೆದರು. ಸೊಸೆಯನ್ನು ಮೇಲಿಂದ ಕೆಳಗೆ, ಬಹಳ ಅಕ್ಕರೆಯಿಂದ, ನೋಡಿದರು.

“ಸಾಲಲ್ಲ ಕಣಮ್ಮ. ನಿನ್ನದು ಮೂರೇ ಇತ್ತು. ಇನ್ನೊಂದಿಷ್ಟು ನೀರು ಹಾಕಿ ಕಲಸು.”