ಪೇಟಿ ಮಾವನ ಜೀವಂತ ಶ್ರೋತೃಗಳು

ನಮ್ಮ ಸೋದರಮಾವ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟರೆ ಸಾಕು, ಮಲಗಿದ ರೋಗಿಗಳೆಲ್ಲ ಎದ್ದು ಕೂರುತ್ತಾರೆ. ಗುಣವಾಗಿ ಅಲ್ಲ, ಗಾಬರಿಯಾಗಿ!

ಕಾರಣ, ಅವರ ಹೆಗಲ ಮೇಲಿನ ಹಾರ್ಮೋನಿಯಂ. ನಮ್ಮ ಕಡೆ ಅದು ಪೇಟಿ. ಪೇಟಿ ಒಂದು ಮನೆ ಹೊಕ್ಕಿತೆಂದರೆ, ಒಳಗೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದಾರೆ, ಮಣ್ಣು, ಅಂದರೆ ಶವಸಂಸ್ಕಾರ, ಆಗುವತನಕ ಭಜನೆ ನಡೆಯುತ್ತದೆ ಎಂದೇ ಲೆಕ್ಕ. ಮಾಸೂರಿನ ಭಜನಾ ಮೇಳದಲ್ಲಿ ಮೂವತ್ತು ವರ್ಷ ಸತ್ತವರ ಮುಂದೆ ಹಾಡಿದ ಮನುಷ್ಯ ಇದ್ದಕ್ಕಿದ್ದಂತೆ ಆಸ್ಪತ್ರೆ ಆಸ್ಪತ್ರೆ ತಿರುಗಿ ಬದುಕಿರುವವರ ಮುಂದೆ ಹಾಡತೊಡಗಿದರೆ ಅವರು ಹೆದರದೆ ಏನು ಮಾಡಬೇಕು, ಹೇಳಿ?

ಸವಣೂರಿನಲ್ಲಿ ಹರ್ನಿಯಾ ಆಪರೇಷನ್ ಆದ ಎಲೆತೋಟದ ಯಜಮಾನರೊಬ್ಬರು ಮಂಪರಿನಿಂದ ಕಣ್ಣು ಬಿಟ್ಟರು. ಕಾಲ ಬಳಿ ಮಾವ, ಪೇಟಿ, ಭಜನೆ! "ನಾ ಇನ್ನೂ ಅದೇನಿ!" ಎಂದು ಕಿರುಚಿದರು. ಅಷ್ಟರಲ್ಲಿ ಸೊಸೆ ಬಾಗಿಲಲ್ಲೇ ಪೇಟಿಯ ದನಿ ಕೇಳಿ ಊರಿಗೆಲ್ಲ ಫೋನು ಮಾಡಿಯಾಗಿತ್ತು. ಹಾನಗಲ್ಲಿನ ಬೀಗರು ಹಾರ ಹಿಡಿದುಕೊಂಡೇ ಬಂದರು. ಬಂದವರಿಗೆ ಯಜಮಾನರೇ ಖಾರದ ತಿಂಡಿ, ಚಹಾ ಕೊಡಿಸಬೇಕಾಯಿತು.

ನಾನು ಕೆಂಡವಾದೆ. "ಮಾವಾ, ನಿಮಗ ಬುದ್ಧಿ ಐತೇನ್ರಿ?"

ಮಾವ ನನಗಿಂತ ಜೋರಾಗಿ ಸಿಟ್ಟಾದರು. "ನನಗೇನ ಕೇಳ್ತಿ? ಸತ್ತ ಮ್ಯಾಲ ದಿನಪೂರ್ತಿ ಹಾಡು ಅಂತೀರಿ. ಇಷ್ಟ ವರ್ಷದಾಗ ಒಂದ ಹೆಣಾನರ ನನಗ ಚಲೋ ಹಾಡಿದಿ ಅಂದೈತೇನು? ಜೀವಂತ ಇದ್ದಾಗ ಅರ್ಧ ತಾಸು ಕೇಳ್ರಿ ಅಂದ್ರ ಓಡ್ತೀರಿ!"

ಎದುರಿನವರ ಮಾತು ನಿಜವೆನಿಸಿದಾಗ ನನ್ನ ಸಿಟ್ಟು ಇಮ್ಮಡಿಯಾಗುತ್ತದೆ.

ಹೋದ ತಿಂಗಳು ನಮ್ಮ ಅವ್ವ, ಅಂದರೆ ಮಾವನ ಅಕ್ಕ, ಹಿರೇಕೆರೂರಿನಲ್ಲಿ ಆಸ್ಪತ್ರೆ ಸೇರಿದಳು. ಮರುದಿನ ಹೊಟ್ಟೆಯ ಆಪರೇಷನ್. ವಯಸ್ಸು ನೋಡಿ ಡಾಕ್ಟರು "ಭರವಸೆ ಕೊಡಾಕ ಆಗೂದಿಲ್ರಿ" ಎಂದುಬಿಟ್ಟಿದ್ದರು. ನನಗೋ ಬೆಕ್ಕು ಸೀನಿದರೂ ಬಿಪಿ ಏರುತ್ತದೆ. ಅವ್ವನ ರಿಪೋರ್ಟು ಮೂರು ಸಲ ಓದಿ, ನನ್ನ ನಾಡಿಯನ್ನು ನಾಲ್ಕು ಸಲ ಎಣಿಸುವಷ್ಟರಲ್ಲಿ ಮಾಸೂರಿನ ಬಸ್ಸಿನಿಂದ ಮಾವ ಇಳಿದರು. ಪೇಟಿ ಸಮೇತ! ಇಂಥ ದಿನ, ಅವ್ವನ ಕಾಟಿನ ಬಳಿ ಪೇಟಿಯೇ? ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ.

"ಇವತ್ತ ಬ್ಯಾಡ್ರಿ ಮಾವಾ. ಅಪಶಕುನ."

"ಬಾಜೂ ಸರಿಯಲೇ. ಆಕಿ ನಮ್ಮಕ್ಕ."

"ನಮ್ಮವ್ವ ಆಕಿ!"

ಒಳಗಿನಿಂದ ಅವ್ವನ ದನಿ ಬಂತು: "ಇಬ್ಬರೂ ಬಾಯಿ ಮುಚ್ಚಕೊಂಡ ಒಳಗ ಬರ್ರಿ."

ಹೋದೆವು. ಅವ್ವ ಪೇಟಿಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು. "ಊರಮಂದಿ ಮಣ್ಣಿಗೆಲ್ಲಾ ಹಾಡಿದಿ. ನನ್ನ ಮಣ್ಣಿಗೆ ಬ್ಯಾರೇ ಯಾರರ ಹಾಡಲಿ, ಅವತ್ತ ನನಗ ಕೇಳಸೂದಿಲ್ಲ. ನೀ ಈಗ ಹಾಡು. ಸುರ ತಪ್ಪಿದ್ರ ಬೈಯಾಕ ನಾ ಇನ್ನೂ ಅದೇನಿ."

ಮಾವ ಕುಳಿತು ಬಲಗೈಯನ್ನು ಪೇಟಿಯ ಮೇಲಿಟ್ಟರು. ಎಡಗೈಯನ್ನು ಅವ್ವ ಹಿಡಿದುಬಿಟ್ಟಿದ್ದಳು, ಬಿಡುವ ಲಕ್ಷಣವಿರಲಿಲ್ಲ. ಹಿಂದಿನ ತಿದಿ ಒತ್ತದೆ ಪೇಟಿ ನುಡಿಯುವುದುಂಟೆ?

"ಏನ ನೋಡ್ತಿ? ಗಾಳಿ ಹಾಕು," ಎಂದು ಮಾವ ನನ್ನನ್ನು ಗದರಿಸಿದರು.

ಅಪಶಕುನ, ಅಪಶಕುನ ಎಂದು ಗೊಣಗುತ್ತಲೇ ನೆಲಕ್ಕೆ ಕುಳಿತು ತಿದಿ ಒತ್ತತೊಡಗಿದೆ. ಮಾವ ಹಾಡಿದರು. ಪಕ್ಕದ ಕಾಟಿನವರು ಎದ್ದು ಕೂತರು, ಯಾರೂ ಓಡಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಎರಡನೆಯ ನುಡಿಗೆ ಪೇಟಿಯ ದನಿ ತಡವರಿಸಿತು.

"ತಮ್ಮಾ, ನಿನ್ನ ಸುರ ಬರೋಬ್ಬರಿ ಐತಿ," ಎಂದಳು. "ಇವನ ಗಾಳೀನ ನಡಗಾಕತ್ತೈತಿ."