ಏಳು ಮಕ್ಕಳು, ಮಾವನ ಲೆಕ್ಕ ಎಂಟು

ನಮ್ಮ ಸೋದರಮಾವನ ಪ್ರಕಾರ ಈ ಭೂಮಿಯ ಮೇಲಿರುವುದು ಎರಡೇ ಬಗೆಯ ಜೀವಿಗಳು. ಒಂದು, ಕುರಿಗಳು. ಇನ್ನೊಂದು, ಕುರಿಗಳಷ್ಟು ಬುದ್ಧಿ ಇಲ್ಲದವರು. ನಾನು ಚಳ್ಳಕೆರೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಷ್ಟ್ರು. ಎರಡನೆಯ ಗುಂಪಿಗೆ ನಾನೇ ಮುಖಂಡ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ!

ಮಾವ ಎಂದರೆ ನಮ್ಮ ಅವ್ವನ ತಮ್ಮ. ಮೊಳಕಾಲ್ಮೂರು ದಾಟಿ, ಆಂಧ್ರದ ಗಡಿ ಇನ್ನೇನು ಬಂತು ಎನ್ನುವಲ್ಲಿ ಅವರ ಹಟ್ಟಿ. ನಾನು ಹೇಳಹೊರಟ ಸಂಗತಿ ನಡೆದಾಗ ಅವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ತಲೆ ಮೀರುವ ಕೋಲು. ಬೈಗುಳವೆಲ್ಲ ಕನ್ನಡದಲ್ಲಿ, ಮುದ್ದೆಲ್ಲ ತೆಲುಗಿನಲ್ಲಿ. ಮನುಷ್ಯರನ್ನು ನೋಡುವ ಕಣ್ಣು ಮಾತ್ರ ಶುದ್ಧ ಕುರಿಗಾರನದು. ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿ ಎಷ್ಟು ಓದಿದ್ದಾಳೆ, ಹಾಡು ಬರುತ್ತದೆಯೇ ಎಂದು ವಿಚಾರಿಸುತ್ತಿದ್ದರೆ, ಮಾವ ಅವಳನ್ನು ಒಂದು ಸಲ ನೋಡಿ, ತುಂಬಿದ ಸಭೆಯಲ್ಲಿ ತೀರ್ಪು ಕೊಟ್ಟರು: "ಕಾಲು ಗಟ್ಟಿ ಅದಾವೆ. ಎಷ್ಟು ದೂರ ಬೇಕಾದ್ರೂ ನಡೀತೈತೆ ಕೂಸು." ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೆ ನನ್ನ ಹೆಂಡತಿಗೆ ಅದನ್ನು ಹೇಗೆ ಅರ್ಥ ಮಾಡಿಸುವುದು? ಮದುವೆಯಾಗಿ ಹನ್ನೊಂದು ವರ್ಷವಾದರೂ ಆಕೆ ಆ ಮಾತನ್ನು ಮರೆತಿರಲಿಲ್ಲ.

ಮಾವನಿಗೆ ಇನ್ನೊಂದು ಚಟ ಎಣಿಸುವುದು. ಬೆಳಿಗ್ಗೆ ರೊಪ್ಪದಿಂದ ಮಂದೆ ಹೊರಡುವಾಗ ಒಂದೊಂದೇ ಕುರಿಯ ಬೆನ್ನು ಮುಟ್ಟಿ ಎಣಿಸಬೇಕು, ಸಂಜೆ ಮುಳ್ಳುಬೇಲಿಯ ಆ ದೊಡ್ಡಿಗೆ ಮಂದೆ ತಿರುಗಿ ಬಂದಾಗ ಮತ್ತೆ ಎಣಿಸಬೇಕು. ಅರವತ್ತು ವರ್ಷ ಇದನ್ನೇ ಮಾಡಿದ ಮನುಷ್ಯ ಕುರಿ ಇಲ್ಲದ ಕಡೆ ಏನು ಮಾಡಬೇಕು ಹೇಳಿ? ಸಿಕ್ಕಿದ್ದನ್ನು ಎಣಿಸುತ್ತಾರೆ. ಒಮ್ಮೆ ಮೊಳಕಾಲ್ಮೂರಿನಿಂದ ಬರುವ ಖಾಸಗಿ ಬಸ್ಸಿನಲ್ಲಿ ಕೂತು ಜನರನ್ನೆಲ್ಲ ಎಣಿಸಿಬಿಟ್ಟರಂತೆ. ಕಂಡಕ್ಟರ್ ಐವತ್ತೆರಡು ಅಂದ. ಮಾವ ಐವತ್ತಮೂರು ಅಂದರು.

"ಟಿಕೆಟ್ ಹರಿದೋನು ನಾನು ಕಣಜ್ಜ!"

"ಎಣಿಸ್ದೋನು ನಾನು ಕಣ್ಲಾ!"

ಕೊನೆಗೆ ಹಿಂದಿನ ಸೀಟಿನಲ್ಲಿ, ಈರುಳ್ಳಿ ಮೂಟೆಗಳ ಸಂದಿಯಲ್ಲಿ ಮುದುಡಿ ಕೂತಿದ್ದ ಐವತ್ತಮೂರನೆಯವನು ಸಿಕ್ಕಿಬಿದ್ದ. ಅವತ್ತಿನಿಂದ ಆ ಬಸ್ಸಿನಲ್ಲಿ ಮಾವನಿಗೆ ಕಿಟಕಿ ಪಕ್ಕದ ಸೀಟು ಖಾಯಂ ಆಯಿತು.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಬೇಸಿಗೆ ರಜೆ. ಬಸ್ ಸ್ಟ್ಯಾಂಡಿನ ಆಚೆಯ ಬಯಲಿಗೆ ಒಂದು ಮಾಯಾಕಾಡು ಬಂದಿಳಿಯಿತು. ಕಾಡೆಂದರೆ ಅಂತಿಂಥ ಕಾಡಲ್ಲ! ದೊಡ್ಡ ಡೇರೆಯೊಳಗೆ ಥರ್ಮಾಕೋಲಿನ ಗುಹೆ, ಹಗ್ಗದ ಸೇತುವೆ, ಗುಡುಗು, ಮಂಜು, ಮಳೆ, ಕಿವಿ ಅಲ್ಲಾಡಿಸುವ ಆನೆ, ಕೊನೆಯಲ್ಲಿ ಬಾಯಿ ತೆರೆದು ಅಬ್ಬರಿಸುವ ಡೈನೋಸಾರು. ಮೈಕು ಕಟ್ಟಿಕೊಂಡ ಆಟೋ ಬೀದಿ ಬೀದಿ ಸುತ್ತಿ, "ಬನ್ನಿ, ಮಕ್ಕಳೊಂದಿಗೆ ಕಾಡಿನೊಳಗೆ ಕಾಲಿಡಿ!" ಎಂದು ಕೂಗಿದ್ದೇ ತಡ, ನಮ್ಮ ಮನೆಯಲ್ಲಿ ಊಟ ತಿಂಡಿ ಯಾರಿಗೂ ಬೇಡವಾಯಿತು. ನನ್ನ ಇಬ್ಬರು, ರಜೆಗೆ ಬಂದಿದ್ದ ಅಕ್ಕನ ಮೂವರು, ಎದುರುಮನೆಯ ಅವಳಿ ಗಂಡುಮಕ್ಕಳು, ಒಟ್ಟು ಏಳು ಬಾಯಿಗಳು ಬೆಳಗಿನಿಂದ ಒಂದೇ ರಾಗ. ಎಲ್ಲರಿಗಿಂತ ಚಿಕ್ಕವಳು ನನ್ನ ಮಗಳು ಪಮ್ಮಿ, ನಾಲ್ಕು ವರ್ಷ. ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದವರು, ಮಕ್ಕಳ ರಜೆಗೆಂದೇ ಹಟ್ಟಿಯಿಂದ ಬಂದಿದ್ದ ಮಾವ!

"ಹೋಗಾನ ನಡೀರಿ. ನಾನು ಹೊಡ್ಕೊಂಡು ಹೋಗ್ತೀನಿ," ಎಂದರು. ಮಕ್ಕಳನ್ನು ಅವರು ಕರೆದುಕೊಂಡು ಹೋಗುವುದಿಲ್ಲ, ಹೊಡೆದುಕೊಂಡು ಹೋಗುತ್ತಾರೆ.

ನನ್ನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. ಅವಳ ಭಯಕ್ಕೂ ಕಾರಣವಿತ್ತು. ಹಿಂದಿನ ವಾರವಷ್ಟೇ ಐಸ್‌ಕ್ಯಾಂಡಿ ಕೊಡಿಸಲು ಮಕ್ಕಳನ್ನು ಕರೆದೊಯ್ದ ಮಾವ, ಬರುವಾಗ ಪಕ್ಕದ ಬೀದಿಯ ಹಸಿರು ಗೇಟನ್ನು ನಮ್ಮದೇ ಎಂದುಕೊಂಡು ಒಳಗೆ ನುಗ್ಗಿ, ಯಾರದೋ ಜಗುಲಿಯಲ್ಲಿ ಕಾಲು ಚಾಚಿ ಕೂತು, ಮಜ್ಜಿಗೆ ಕೇಳಿ ಕುಡಿದು ಬಂದಿದ್ದರು.

"ಮಾವಂಗೆ ವಯಸ್ಸಾತುರಿ. ನೀವೂ ಜೊತೆಗೆ ಹೋಗಿ. ಇವತ್ತೇನಾದ್ರೂ ಎಡವಟ್ಟಾತೋ, ಇನ್ನು ಮೇಲೆ ಮಕ್ಕಳನ್ನ ಅವರ ಜೊತೆ ಕಳಿಸಲ್ಲ. ಅದನ್ನ ನೀವೇ ಅವರಿಗೆ ಹೇಳ್ಬೇಕು."

ಮಾವನಿಗೆ ಸ್ವಂತ ಮಕ್ಕಳಿಲ್ಲ. ಎರಡು ವರ್ಷದ ಹಿಂದೆ ಮಂದೆಯನ್ನೂ ಮಾರಿದ್ದರು. ವರ್ಷವಿಡೀ ಈ ಬೇಸಿಗೆಗಾಗಿ ಕಾಯುವ ಮನುಷ್ಯನಿಗೆ ಹಾಗೆ ಹೇಳುವುದೆಂದರೇನು? ನಾನು ಹೂಂಗುಟ್ಟಿ ಹೊರಗೆ ಬಂದೆ.

ಜಗುಲಿಯಲ್ಲಿ ಆಗಲೇ ರಂಪ ಶುರುವಾಗಿತ್ತು. ಮಾವ ಸಂಚಿಯಿಂದ ಜಾಜಿನ ಉಂಡೆ ತೆಗೆದು ನೀರಿನಲ್ಲಿ ಕಲಸುತ್ತಿದ್ದರು. ಜಾಜು ಎಂದರೆ ಕುರಿಗಳ ಬೆನ್ನಿಗೆ ಗುರುತು ಹಾಕುವ ಕೆಮ್ಮಣ್ಣು. ಹೆಬ್ಬೆಟ್ಟು ಅದ್ದಿ ಅದ್ದಿ ಮಕ್ಕಳ ಬೆನ್ನಿಗೆ, ಕಾಲರಿನ ಕೆಳಗೆ, ಒಂದೊಂದು ದಪ್ಪ ಕೆಂಪು ಮುದ್ರೆ! ಇಸ್ತ್ರಿ ಮಾಡಿದ ಅಂಗಿಗಳ ಮೇಲೆ! ಮಕ್ಕಳಿಗೆ ಸ್ವರ್ಗ ಸಿಕ್ಕಷ್ಟು ಖುಷಿ, ನನ್ನ ಹೆಂಡತಿಗೆ ಕಣ್ಣು ಕೆಂಪು.

"ಇದೇನು ಮಾವ ಇದು?"

"ಮಂದಿ ಮಕ್ಕಳ ಜೊತೆಗೆ ಬೆರೆತು ಹೋದ್ರೆ ಏನು ಮಾಡ್ತೀಯ ತಾಯಿ?"

"ಹೆಸರು ಹಿಡಿದು ಕೂಗಿದ್ರಾತು!"

"ಕೂಗು. ಅದೇ ಹೆಸರಿನವು ಹತ್ತು ಬತ್ತಾವೆ. ನಿನ್ನದು ಯಾವುದು ಅಂತ ಹೆಂಗೆ ಹುಡುಕ್ತೀಯ?"

ನಾನು ನಗು ನುಂಗಿಕೊಂಡು ಬಗ್ಗಿ ಪಮ್ಮಿಯ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದೆ. ಮಾವ ಬಂದು ನನ್ನ ಬೆನ್ನು ತಟ್ಟಿ, "ಏಳು ಅಳಿಯಾ, ಹೊತ್ತಾತು," ಎಂದರು. ಹೊರಟೆವು. ದಾರಿಯಲ್ಲಿ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕಿದ್ದು ಕೇಳಿತು. ಬೆನ್ನ ಮೇಲೆ ಮುದ್ರೆ ಒತ್ತಿಸಿಕೊಂಡು ಮಕ್ಕಳು ಸಾಲಾಗಿ ಹೋಗುತ್ತಿದ್ದರೆ ಯಾರು ತಾನೇ ನಗುವುದಿಲ್ಲ?

ಡೇರೆಯ ಬಾಗಿಲಲ್ಲಿ ಮಾವ ನಮ್ಮನ್ನೆಲ್ಲ ನಿಲ್ಲಿಸಿ, ಒಬ್ಬೊಬ್ಬರ ಬೆನ್ನು ಮುಟ್ಟಿ ಒಳಗೆ ಬಿಟ್ಟರು. ಕೊನೆಗೆ ನನ್ನನ್ನೂ ತಳ್ಳಿ, "ಎಂಟು," ಎಂದರು.

"ಏಳು ಮಾವ."

"ಎಂಟು."

"ನನ್ನವು ಎರಡು, ಅಕ್ಕನವು ಮೂರು, ಅವಳಿಗಳು ಎರಡು. ಎರಡು, ಮೂರು, ಎರಡು, ಏಳು!"

"ಬೋರ್ಡಿನ ಮೇಲೆ ಹಾಕೋ ಲೆಕ್ಕ ಇಲ್ಲಿ ನಡೆಯಲ್ಲ ಅಳಿಯಾ. ನಡಿ, ನಡಿ."

ಸಾಲಿನಲ್ಲಿ ನನ್ನ ಇಬ್ಬರು ಶಿಷ್ಯರು ನಿಂತಿದ್ದರು. ಅವರ ಮುಂದೆ ಇನ್ನೂ ವಾದಿಸುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಗೇಟಿನವನು ಕೋಲು ಹೊರಗೇ ಇಡಿ ಎಂದ. ಮಾವ ಸೊಂಟಕ್ಕೆ ಕೈಯಿಟ್ಟು ನಿಂತರು. "ಒಳಗೆ ಆನೆ ಐತೆ, ತೋಳ ಐತೆ ಅಂತ ಮೂರು ದಿನದಿಂದ ನೀವೇ ಕೂಗ್ತಿದೀರಿ. ಈಗ ಕೋಲು ಬ್ಯಾಡ ಅಂತೀರಿ! ತಲೆ ನೆಟ್ಟಗೈತೇನಪ್ಪ?" ಗೇಟಿನವನು ಯೋಚಿಸಿ ನೋಡಿದ. ನ್ಯಾಯವಾದ ಮಾತೇ ಅನ್ನಿಸಿರಬೇಕು, ಬಿಟ್ಟುಬಿಟ್ಟ.

ಒಳಗೆ ಕಾಲಿಟ್ಟೆವೋ ಇಲ್ಲವೋ, ಅಬ್ಬಬ್ಬಾ! ಮೊಣಕಾಲಿನವರೆಗೆ ತಣ್ಣನೆ ಮಂಜು, ಹಸಿರು ನೀಲಿ ದೀಪ, ಎಲ್ಲೋ ಹಕ್ಕಿಯ ದನಿ, ತಲೆಯ ಮೇಲೆ ಗುಡುಗು. ಏಪ್ರಿಲ್ ತಿಂಗಳ ಚಳ್ಳಕೆರೆಯಿಂದ ಬಂದವರಿಗೆ ಹೇಗಾಗಿರಬೇಡ! ಮಕ್ಕಳು ಕಿರುಚಿದರು, ನಾನೂ ಕಿರುಚಿದೆ. ಅವಳಿಗಳು ಆನೆಯ ಸೊಂಡಿಲು ಹಿಡಿದು ಜೋತುಬಿದ್ದರು. ಹಗ್ಗದ ಸೇತುವೆ ತೂಗಾಡಿದಾಗ ಪಮ್ಮಿ, "ಅಪ್ಪಾ, ಇನ್ನೊಂದ್ಸಲ!" ಎಂದು ನನ್ನನ್ನು ನಾಲ್ಕು ಸಲ ದಾಟಿಸಿದಳು.

ಒಂದು ಬಂಡೆಯ ಮೇಲೆ ಕೆಂಪು ಕಣ್ಣಿನ ತೋಳ ಕತ್ತು ತಿರುಗಿಸುತ್ತಿತ್ತು. ಮಕ್ಕಳೆಲ್ಲ ಮಾವನ ಹಿಂದೆ ಅಡಗಿದರು. ಮಾವ ಹತ್ತಿರ ಹೋಗಿ ಅದನ್ನು ಹಿಂದೆ ಮುಂದೆ ಪರೀಕ್ಷಿಸಿ ಅಲ್ಲಿದ್ದ ಸಿಬ್ಬಂದಿಯವನನ್ನು ಕರೆದರು. "ಇದು ತೋಳ ಅಲ್ಲಪ್ಪ, ನಾಯಿ. ತೋಳ ಬಾಲನ ಹಿಂಗೆ ಮೇಲಕ್ಕೆ ಎತ್ತಲ್ಲ, ಇಳಿಬಿಡತೈತೆ. ಸುಳ್ಳು ತೋರಿಸಿ ಮಕ್ಕಳನ್ನ ಯಾಕೆ ಹಾಳು ಮಾಡ್ತೀರಿ?" ಮುಂದಿನ ಆಟಕ್ಕೆ ಬಾಲ ಬಗ್ಗಿಸುವುದಾಗಿ ಅವನು ಮಾತು ಕೊಡುವವರೆಗೆ ಮಾವ ಅಲ್ಲಿಂದ ಕದಲಲಿಲ್ಲ.

ಅಷ್ಟರಲ್ಲಿ ಮಳೆ ಬಂತು. ಮೇಲಿನ ಪೈಪುಗಳಿಂದ ಜಿಟಿಜಿಟಿ ಹನಿ. ಮಾವ ಅಂಗೈ ಚಾಚಿ, ಹನಿ ನೆಕ್ಕಿ ನೋಡಿ, "ಹೊರಗೆ ಬಾ ಅಂದ್ರೆ ಬರಲ್ಲ. ಡೇರೆ ಒಳಗೆ ಬಂದು ಕುಂತೈತೆ ನೋಡು ಇದು!" ಎಂದು ಮಳೆಯನ್ನೇ ಗದರಿದರು. ಆಮೇಲೆ ಕಂಬಳಿಯನ್ನು ಕೊಪ್ಪೆ ಮಾಡಿ ಚಿಕ್ಕ ಮಕ್ಕಳ ತಲೆಗೆ ಹಿಡಿದರು.

ಡೈನೋಸಾರಿನ ಮುಂದೆ ನಿಂತಿದ್ದೆವು. ಅದು ಬಾಯಿ ತೆರೆಯಿತು, ಅಬ್ಬರಿಸಿತು, ಮತ್ತು ಅಷ್ಟು ಹೊತ್ತಿಗೆ ಸರಿಯಾಗಿ ನಮ್ಮೂರಿನ ಕರೆಂಟು ಹೋಯಿತು!

ಕಣ್ಣು ಕಾಣದ ಕತ್ತಲೆ. ಡೇರೆಯ ತುಂಬ ಮಕ್ಕಳ ಅಳು, ಅಪ್ಪ ಅಮ್ಮಂದಿರ ಕೂಗು. ಯಾರೋ ನುಗ್ಗಿದರು, ಪಮ್ಮಿಯ ಪುಟ್ಟ ಕೈ ನನ್ನ ಕೈಯಿಂದ ಜಾರಿಹೋಯಿತು. "ಪಮ್ಮೀ!" ಎಂದು ಕೂಗುತ್ತ ಕತ್ತಲೆಯಲ್ಲಿ ನುಗ್ಗಿದವನು ಗುಹೆಯ ಯಾವುದೋ ಸಂದಿಯಲ್ಲಿ ಸೇರಿಕೊಂಡೆ. ಮುಂದೆ ಹೋದರೆ ಗೋಡೆ, ಹಿಂದೆ ಬಂದರೆ ಆನೆಯ ಹೊಟ್ಟೆ. ಆಗ ಎಲ್ಲ ಗದ್ದಲವನ್ನೂ ಸೀಳಿಕೊಂಡು ದೂರದಿಂದ ಒಂದು ದನಿ ಬಂತು. "ಟ್ರ್ರ್ರ್ರ್... ರಾ ರಾ ರಾ ರಾ!" ಮಾವ ನಾಲಿಗೆ ಉರುಳಿಸಿ ಮಂದೆ ಕರೆಯುತ್ತಿದ್ದರು. ಅವರು ಹಾಗೆ ಕರೆದರೆ ಓಡಿಬಂದು ಸುತ್ತ ಸೇರುವುದು, ಹಟ್ಟಿಗೆ ಹೋದಾಗಲೆಲ್ಲ ನಮ್ಮ ಮಕ್ಕಳು ಆಡುವ ಆಟ.

ಜನರೇಟರು ಗೊರಗೊರ ಎಂದು ದೀಪ ಬಂದಾಗ ನಾನು ಸಂದಿಯಿಂದ ಹೊರಬಿದ್ದು ಆ ಕಡೆ ಓಡಿದೆ. ನೋಡುವುದೇನು? ಕಂಬಳಿಯ ಅಂಚು ಹಿಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮಾವನ ಸುತ್ತ! ಮಾವ ಒಂದೊಂದನ್ನೇ ತಿರುಗಿಸಿ ಬೆನ್ನು ನೋಡಿ, "ಇದು ನಮ್ದಲ್ಲ... ಇದು ನಮ್ದು... ಇದು ಯಾರ್ದಮ್ಮಾ, ತಗಳ್ರಿ," ಎಂದು ವಿಂಗಡಿಸುತ್ತಿದ್ದರು. ಪಮ್ಮಿ ಅವರ ಹೆಗಲೇರಿ ಕೂತಿದ್ದಳು. ಏಳೂ ಮಕ್ಕಳು ಅಲ್ಲೇ ಇದ್ದರು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಮಾವ ಬಾಗಿಲಿಗೆ ಅಡ್ಡಲಾಗಿ ಕೋಲು ಹಿಡಿದು ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. "ನಮ್ದು ಇನ್ನೂ ಒಂದು ಬಂದಿಲ್ಲ!" ಡೇರೆಯವರು ಟಾರ್ಚು ಹಿಡಿದು ಸಂದಿಗೊಂದಿ ಹುಡುಕುತ್ತಿದ್ದರು.

"ಗಂಡಾ ಹೆಣ್ಣಾ ಅಜ್ಜ?"

"ಗಂಡು."

"ಗುರುತು?"

"ಬೆನ್ನ ಮೇಲೆ ಜಾಜು."

ನಾನು ಜನರನ್ನು ಸರಿಸಿಕೊಂಡು ಮುಂದೆ ಹೋದೆ. ಮಾವ ನನ್ನನ್ನು ಕಂಡದ್ದೇ ಕೋಲು ಇಳಿಸಿ, "ಎಂಟು. ಈಗ ಸರಿಯಾತು. ನಡೀರಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಾಚಿಕೆಯೂ ಆಯಿತು. ಇಲ್ಲದ ಮಗುವಿಗಾಗಿ ಇಡೀ ಡೇರೆಯನ್ನೇ ಜಾಲಾಡಿಸಿದರಲ್ಲ! "ಏಳು ಮಾವ! ಇರೋದೇ ಏಳು!" ಎಂದು ಎಲ್ಲರೆದುರು ಕೂಗಿದೆ. ಆಮೇಲೆ ಡೇರೆಯವರ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ, ಅವರಿಗೆ ವಯಸ್ಸಾಗಿದೆ, ಲೆಕ್ಕ ತಪ್ತಾರೆ," ಎಂದೆ. ಮಾವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೋಲು ಊರಿಕೊಂಡು ಮಕ್ಕಳ ಹಿಂದೆ ನಡೆದರು.

ಮಕ್ಕಳು ಮನೆಗೆ ಬಂದು ತೋಳ, ಮಳೆ, ಡೈನೋಸಾರು ಎಂದು ಒಟ್ಟಿಗೆ ಒದರಿದರು. ಎಂಟನೆಯ ಮಗುವಿನ ಕಥೆಯೂ ಹೊರಬಿತ್ತು. ಹೆಂಡತಿ ನನ್ನನ್ನು ನೋಡಿದಳು. "ನಾಳೆ ಹೇಳ್ತೀನಿ," ಎಂದು ಪಿಸುಗುಟ್ಟಿ, ಸ್ನಾನಕ್ಕೆಂದು ಅಂಗಿ ಕಳಚಿ ಅವಳ ಕೈಗೆ ಕೊಟ್ಟೆ. ನಾಳೆ ಹೇಗೆ ಶುರುಮಾಡುವುದು, ಯಾವ ಮಾತಿನಿಂದ ಎಂದು ಯೋಚಿಸುತ್ತಲೇ ಇದ್ದೆ.

"ಇಲ್ಲಿ ನೋಡ್ರಿ," ಎಂದಳು ಹೆಂಡತಿ. ಅವಳ ದನಿ ಬದಲಾಗಿತ್ತು.

ನನ್ನ ಅಂಗಿಯ ಬೆನ್ನಿನಲ್ಲಿ, ಕಾಲರಿನ ಕೆಳಗೆ, ದಪ್ಪನೆಯ ಕೆಂಪು ಹೆಬ್ಬೆಟ್ಟು.

ನನಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಮಣ್ಣು ಮುಗಿದ ಮೇಲೆ ಮಾವ ನಮ್ಮನ್ನು ಹಟ್ಟಿಗೆ ಕರೆದುಕೊಂಡು ಹೋದರು. ಅಕ್ಕ ಅವ್ವನ ಸೆರಗು ಹಿಡಿದು ಒಳಗೆ ಹೋದಳು. ನಾನು ಎಲ್ಲಿ ಹೋಗಬೇಕೆಂದು ತಿಳಿಯದೆ ರೊಪ್ಪದ ಬಾಗಿಲಲ್ಲೇ ನಿಂತಿದ್ದೆ. ಮಾವ ಕುರಿಗಳ ಬೆನ್ನು ಮುಟ್ಟುತ್ತ ನೂರಾ ಹತ್ತರವರೆಗೆ ಎಣಿಸಿದರು. ಕೊನೆಗೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ನೂರಾ ಹನ್ನೊಂದು," ಎಂದರು. ಹೈಸ್ಕೂಲಿಗೆಂದು ಹಟ್ಟಿ ಬಿಡುವವರೆಗೂ ದಿನವೂ ಹಾಗೆ ಎಣಿಸಿಕೊಂಡೇ ನಾನು ಒಳಗೆ ಹೋಗಿದ್ದೆ. ದೊಡ್ಡವನಾದೆ, ಮೇಷ್ಟ್ರಾದೆ, ಅದನ್ನು ಮರೆತೂ ಬಿಟ್ಟೆ. ಅವರು ಮರೆತಿರಲಿಲ್ಲ. ಅಂಥವರಿಗೆ ನೂರು ಜನರ ಮುಂದೆ ಲೆಕ್ಕ ಬರುವುದಿಲ್ಲ ಎಂದಿದ್ದೆನಲ್ಲ! ಬಚ್ಚಲಿನಲ್ಲಿ ನಿಂತು ಅತ್ತುಬಿಟ್ಟೆ.

"ನಾಳೆ ಏನೂ ಹೇಳ್ಬೇಡಿ," ಎಂದಳು ಹೊರಗಿನಿಂದ ಹೆಂಡತಿ. ಆ ಅಂಗಿಯನ್ನು ಅವಳು ಅವತ್ತು ಒಗೆಯಲು ನೆನೆಸಲಿಲ್ಲ.

ಸಂಜೆಯ ಊಟವಾಗಿ ಮಕ್ಕಳೆಲ್ಲ ಜಗುಲಿಯ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಮಾವ ಒಂದು ತುದಿಯಿಂದ ಬೆನ್ನು ಮುಟ್ಟುತ್ತ ಬರುತ್ತಿದ್ದರು. "ಐದು... ಆರು... ಏಳು..." ಅಲ್ಲಿ ಕೈ ನಿಂತಿತು. ಮಧ್ಯಾಹ್ನದ ನನ್ನ ಮಾತು ಕೇಳಿದ ಮೇಲೆ ಮುಂದೆ ಎಣಿಸಬೇಕೋ ಬೇಡವೋ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಹೋಗಿ ಪಮ್ಮಿಯ ಪಕ್ಕದಲ್ಲಿ, ಸಾಲಿನ ಕೊನೆಗೆ ಬೆನ್ನು ಕೊಟ್ಟು ಕೂತೆ. ಆಮೇಲೆ ಆ ಒರಟು ಅಂಗೈ ಬಂದು ಬೆನ್ನ ಮೇಲೆ ಕೂತಿತು.

"ಎಷ್ಟಪ್ಪ ಮೇಷ್ಟ್ರೇ?" ಎಂದರು ಮಾವ.

"ಎಂಟು ಮಾವ," ಎಂದೆ.